ಕೈ ಆರಿಸಿದ ನಂಬರುಗಳು

ತಂಬೋಲಾದಲ್ಲಿ ನಂಬರ್ ಕೂಗುವವನಿಗೆ ಒಳ್ಳೆ ಗಂಟಲಿದ್ದರೆ ಸಾಕು ಎಂದು ಎಲ್ಲರೂ ತಿಳಿದಿರುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ನನ್ನ ಗಂಟಲು ಮೈಕಿಲ್ಲದೆ ಮೈದಾನದ ಆ ತುದಿಗೆ ಮುಟ್ಟುತ್ತಿತ್ತು. ಆ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು, ಮುಚ್ಚಿಡುವುದೇನು. ಕೈಯ ವಿಷಯ ಮಾತ್ರ ಯಾರೂ ಯೋಚಿಸಿರಲಿಲ್ಲ.

ತೊಂಬತ್ತರ ದಶಕದ ನಡುವೆ ನಾನು ಸೈನ್ಯದಲ್ಲಿ ಹವಾಲ್ದಾರನಾಗಿದ್ದೆ. ನಮ್ಮ ತುಕಡಿ ಇದ್ದದ್ದು ಉತ್ತರದ ಒಂದು ಸಣ್ಣ ದಂಡಿನ ಊರಿನಲ್ಲಿ. ಬೇಲಿಯೊಳಗೆ ಬ್ಯಾರಕ್ಕು, ಅಡುಗೆಮನೆ, ಮೈದಾನ. ಬೇಲಿಯಾಚೆ ಸಾಸಿವೆ ಹೊಲ. ಅಂಥ ಕಡೆ ನೂರಾರು ಗಂಡಸರಿಗೆ ಭಾನುವಾರದ ಸಂಜೆ ಕಳೆಯುವುದು ಕಷ್ಟದ ಕೆಲಸ. ಅದಕ್ಕೇ ತಂಬೋಲಾ. ಟಿಕೆಟ್ ಮಾರಿ ಬಂದದ್ದರಲ್ಲಿ ಒಂದು ಪಾಲು ಗೆದ್ದವರಿಗೆ, ಉಳಿದದ್ದು ಸಿಪಾಯಿಗಳ ಮನರಂಜನೆಯ ನಿಧಿಗೆ. ಇದು ಜೂಜಲ್ಲವೇ ಎಂದು ಊರಿನಲ್ಲಿ ಕೇಳಿದವರಿದ್ದಾರೆ. ಹೌದು, ಜೂಜೇ. ನಮ್ಮ ವಾಲಿಬಾಲ್ ನೆಟ್ಟು, ಕೇರಂ ಬೋರ್ಡು, ಹಾರ್ಮೋನಿಯಂ ಎಲ್ಲ ಆ ಜೂಜಿನಿಂದಲೇ ಬಂದದ್ದು. ಆ ವರ್ಷ ಟಿ.ವಿ. ನೋಡಲಿಕ್ಕೆಂದು ಒಂದು ಹಾಲ್ ಕಟ್ಟಿಸುತ್ತಿದ್ದೆವು. ಗೋಡೆ ಎದ್ದಿತ್ತು, ಮೇಲೆ ಶೀಟು ಹೊದಿಸುವುದು ಬಾಕಿ ಇತ್ತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದರಿಂದ ತೊಂಬತ್ತರವರೆಗೆ ನಂಬರ್ ಬರೆದ ಮರದ ಬಿಲ್ಲೆಗಳು ಬಟ್ಟೆಯ ಚೀಲವೊಂದರಲ್ಲಿರುತ್ತವೆ. ಕೂಗುವವನು ನೋಡದೆ ಕೈಹಾಕಿ ಒಂದೊಂದೇ ತೆಗೆದು ಕೂಗುತ್ತಾನೆ. ಆಡುವವನ ಟಿಕೆಟ್ಟಿನಲ್ಲಿ ಮೂರು ಸಾಲು, ಸಾಲಿಗೆ ಐದು ನಂಬರ್. ಎಡಗಡೆ ಸಣ್ಣ ನಂಬರುಗಳು, ಬಲಕ್ಕೆ ಹೋದ ಹಾಗೆಲ್ಲ ದೊಡ್ಡವು. ಒಂದು ಸಾಲನ್ನು ಎಲ್ಲರಿಗಿಂತ ಮೊದಲು ಹೊಡೆದು ಮುಗಿಸಿದವನಿಗೆ ಒಂದು ಬಹುಮಾನ, ಮೂರೂ ಸಾಲು ಮುಗಿಸಿದವನಿಗೆ ದೊಡ್ಡ ಬಹುಮಾನ.

ನಮ್ಮ ತುಕಡಿ ಆ ಊರಿಗೆ ಬದಲಾಗಿ ಬಂದ ಹೊಸತು. ಲಾರಿಯಿಂದ ಸಾಮಾನು ಇಳಿಸಿಕೊಂಡು ನೋಡಿದರೆ ಅರವತ್ತೊಂದರಿಂದ ತೊಂಬತ್ತರವರೆಗಿನ ಬಿಲ್ಲೆಗಳನ್ನು ಬೇರೆ ಕಟ್ಟಿಟ್ಟಿದ್ದ ಗಂಟೇ ಇರಲಿಲ್ಲ. ನಾನೇ ಬಡಗಿಯ ಹತ್ತಿರ ನಿಂತು ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯಲ್ಲಿ ಮೂವತ್ತು ಹೊಸ ಬಿಲ್ಲೆ ಕುಯ್ಯಿಸಿದೆ. ಅಗಲ ಅಳೆದೆ, ದಪ್ಪ ಅಳೆದೆ, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಮತ್ತೆ ಉಜ್ಜಿಸಿದೆ. ಆಮೇಲೆ ತೊಂಬತ್ತಕ್ಕೂ ಒಂದೇ ಡಬ್ಬಿಯ ಕರಿ ಬಣ್ಣ. ಹಳೆಯದು ಯಾವುದು, ಹೊಸದು ಯಾವುದು ಎಂದು ಬ್ರಹ್ಮನೂ ಹೇಳಬಾರದು, ಹಾಗೆ ಮಾಡಿದ್ದೆ.

ಎರಡು ತಿಂಗಳಾಗುವಷ್ಟರಲ್ಲಿ ಗುಸುಗುಸು ಶುರುವಾಯಿತು. ಲಾರಿ ಓಡಿಸುವ ಒಬ್ಬ ಡ್ರೈವರ್ ಮೂರು ಭಾನುವಾರ ಒಂದರ ಹಿಂದೊಂದು ಸಾಲಿನ ಬಹುಮಾನ ಗೆದ್ದ. ಇಪ್ಪತ್ತಮೂರು ವರ್ಷದವನು, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆ ಕಡೆಯ ಕುರಿ ಸಾಕುವ ಮನೆಯವನು. ನಾನು ತಿಪಟೂರು ತಾಲ್ಲೂಕಿನ ಅರಳಗುಪ್ಪೆಯವನು. ಅಷ್ಟು ದೂರ ಹೋದ ಮೇಲೆ ತಿಪಟೂರು, ಚಿಕ್ಕನಾಯಕನಹಳ್ಳಿ ಎಲ್ಲ ಒಂದೇ ಊರಿನ ಎರಡು ಬೀದಿ ಇದ್ದ ಹಾಗೆ. ಒಬ್ಬ ಊರಿನವನು ಚೀಲದಿಂದ ತೆಗೆಯುತ್ತಾನೆ, ಇನ್ನೊಬ್ಬ ಊರಿನವನು ಗೆಲ್ಲುತ್ತಾನೆ. ಇದಕ್ಕಿಂತ ಇನ್ನೇನು ಬೇಕು ಜನಕ್ಕೆ?

ಅವನ ನಡವಳಿಕೆಯೂ ಹಾಗೇ ಇತ್ತು. ಬೇರೆಯವರು ಕೈಗೆ ಸಿಕ್ಕ ಟಿಕೆಟ್ ಹರಿದುಕೊಂಡರೆ ಇವನು ಇಡೀ ಪುಸ್ತಕ ತಿರುವಿಹಾಕಿ ಆರಿಸುತ್ತಿದ್ದ. ಎಡಗಡೆಯೇ ನಂಬರ್ ತುಂಬಿದ ಸಾಲು ಹುಡುಕುತ್ತಿದ್ದ ಎಂದು ಆಮೇಲೆ ತಿಳಿಯಿತು.

ಸುಬೇದಾರ್ ಸಾಹೇಬರು ಇಬ್ಬರನ್ನೂ ಕರೆಸಿದರು. ಅವರು ಮಾತಾಡಿದ್ದು ಹಿಂದಿಯಲ್ಲಿ, ನಾನಿಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಡ್ರೈವರ್, "ಸಾಹೇಬ್, ಅರವತ್ತರ ಮೇಲಿನ ನಂಬರ್ ಯಾವಾಗಲೂ ತಡವಾಗಿ ಬರುತ್ತವೆ. ನಾನು ಗಮನಿಸಿದೆ, ಅದರಂತೆ ಟಿಕೆಟ್ ತೆಗೆದುಕೊಂಡೆ, ಅಷ್ಟೆ" ಅಂದ. ನನಗೆ ಮೈಯೆಲ್ಲ ಉರಿಯಿತು. ಅಂದರೆ ನಾನು ಬೇಕೆಂದೇ ತಡಮಾಡುತ್ತೇನೆ ಎಂದು ಇವನ ಅರ್ಥ.

"ಬರವಣಿಗೆಯಲ್ಲಿ ಕೊಡು" ಎಂದು ಸಾಹೇಬರು ನನಗೆ ಹೇಳಿದರು. "ಚೀಲಕ್ಕೆ ಕೈಹಾಕುವ ಅವಕಾಶ ನಿನ್ನ ಬಿಟ್ಟು ಇನ್ಯಾರಿಗಿತ್ತು?"

ನಾನು ಬರೆದೆ. ತುಕಡಿ ಬದಲಾದಾಗ ಬಿಲ್ಲೆಗಳ ಪೆಟ್ಟಿಗೆ ಬಂದದ್ದು ಇದೇ ಡ್ರೈವರನ ಲಾರಿಯಲ್ಲಿ, ದಾರಿಯಲ್ಲಿ ಎರಡು ರಾತ್ರಿ ಅವನ ವಶದಲ್ಲಿತ್ತು, ಏನಾದರೂ ಮಾಡಿದ್ದರೆ ಅವನೇ ಮಾಡಿರಬೇಕು. ಸಹಿ ಹಾಕಿ ಕೊಟ್ಟು ಬಂದೆ.

ಮಾರನೆಯ ದಿನವೇ ಅವನಿಂದ ಲಾರಿಯ ಕೀಲಿ ತೆಗೆದುಕೊಂಡು ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಲು ಹಾಕಿದರು. ರಜೆ ನಿಂತಿತು. ಆರೋಪ ನಿಜವೆಂದಾದರೆ ನೌಕರಿಯೇ ಹೋಗುವ ಮಾತು. ಊಟಕ್ಕೆ ಕೂತರೆ ಅವನ ಪಕ್ಕ ಯಾರೂ ಕೂರುತ್ತಿರಲಿಲ್ಲ. ತಂಬೋಲಾ ಬಂದ್ ಆಯಿತು, ಹಾಲ್ ಕಟ್ಟುವ ಕೆಲಸವೂ ನಿಂತಿತು. ಒಂದು ಸಂಜೆ ಅವನು ಒದ್ದೆ ಕೈ ಒರೆಸಿಕೊಳ್ಳುತ್ತ ನನ್ನ ಬ್ಯಾರಕ್ಕಿನ ಬಾಗಿಲಿಗೆ ಬಂದ.

"ಅಣ್ಣಾ, ಒಂದ್ ಮಾತಿತ್ತು. ನೀವು ಬಿಲ್ಲೆ ತೆಗೆಯೋವಾಗ..."

"ಏನಿದ್ರೂ ಸಾಹೇಬ್ರ ಹತ್ರ ಹೇಳ್ಕೊ ಹೋಗಪ್ಪ" ಎಂದು ನಾನು ಮುಖ ತಿರುಗಿಸಿದೆ.

ನನ್ನ ವಾರ್ಷಿಕ ರಜೆ ಅದೇ ಹೊತ್ತಿಗೆ ಬಂತು. ಸುಬೇದಾರ್ ಸಾಹೇಬರು ಚೀಲವನ್ನು ನನ್ನ ಮುಂದೆ ಇಟ್ಟರು. "ಈ ಬಿಲ್ಲೆಗಳನ್ನು ಇನ್ನು ಯಾರೂ ನಂಬುವುದಿಲ್ಲ. ತೆಂಗಿನ ಸೀಮೆಯವನು ನೀನು. ಚಿಪ್ಪಿನಲ್ಲಿ ತೊಂಬತ್ತು ಹೊಸ ಬಿಲ್ಲೆ ಮಾಡಿಸಿಕೊಂಡು ಬಾ. ಇದನ್ನು ಮಾದರಿಗೆ ಇಟ್ಟುಕೊ. ನೀನು ವಾಪಸ್ ಬಂದ ಮೇಲೆ ಆ ಹುಡುಗನ ವಿಚಾರಣೆ" ಎಂದರು.

ತಿಪಟೂರಿನಲ್ಲಿ ರೈಲಿಳಿದು ಅರಳಗುಪ್ಪೆಯ ಬಸ್ಸು ಹತ್ತಿದಾಗಲೂ ನನ್ನ ತಲೆ ತುಂಬ ಡ್ರೈವರನೇ. ನನ್ನ ಅಕ್ಕ, ಭಾವ ಇರುವುದು ನಮ್ಮೂರಿನಲ್ಲೇ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿ ಇಳಿಸಿ, ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುವ ಕಾಲ ಅದು. ಅಂಗಳದಲ್ಲಿ ಕೊಬ್ಬರಿ ರಾಶಿ ಬಿದ್ದಿತ್ತು. ಮಂಡಿಗೆ ಕಳಿಸುವ ಮುಂಚೆ ಗಟ್ಟಿ ಕೊಬ್ಬರಿ ಬೇರೆ, ಜೊಳ್ಳು ಬೇರೆ ಮಾಡಬೇಕು. ಅಕ್ಕ ಆ ಕೆಲಸಕ್ಕೆ ಕೂತಿದ್ದಳು. ನಾನೂ ಸುಮ್ಮನಿರಲಾರದೆ ಎದುರಿಗೆ ಕೂತೆ. ಚಿಕ್ಕಂದಿನಲ್ಲಿ ಇಸ್ಕೂಲಿಗೆ ಹೋಗುವ ಮುಂಚೆ ದಿನಾ ಮಾಡಿದ ಕೆಲಸ.

ಕೂತು ಅವಳಿಗೆ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ರೇಗಿತು. ಆ ಡ್ರೈವರ್ ಎಂಥವನು, ನನ್ನ ಹೆಸರಿಗೆ ಹೇಗೆ ಮಸಿ ಬಳಿದ ಎಂದು ದೊಡ್ಡ ಗಂಟಲಿನಲ್ಲೇ ಒದರುತ್ತಿದ್ದೆ. ಅಕ್ಕ ನಗುವುದಕ್ಕೆ ಶುರುಮಾಡಿದಳು.

"ಯಾಕಕ್ಕ ನಗ್ತೀಯ?"

"ನಿನ್ ಬಾಯಿ ಎಲ್ಲೋ ಅದೆ, ಕೈ ಇಲ್ಲಿ ಕೆಲ್ಸ ಮಾಡ್ತಾ ಅದೆ ಕಣ್ಲಾ. ಒಂದ್ ಸಲನಾದ್ರೂ ರಾಶಿ ಕಡೆ ನೋಡಿದ್ಯಾ? ಜೊಳ್ಳು ಸಿಕ್ಕಿದ್ ತಕ್ಷಣ ಬುಡ್ತೀಯ, ಗಟ್ಟಿದು ಸಿಕ್ಕಿದ್ರೆ ಎತ್ ಹಾಕ್ತೀಯ. ಮಿಲಿಟ್ರಿಗೆ ಹೋಗಿ ಇಷ್ಟ್ ವರ್ಸ ಆದ್ರೂ ಕೈ ಮರ್ತಿಲ್ಲ ಬುಡು."

ನನ್ನ ಬಲಗೈ ಹಾಗೇ ರಾಶಿಯ ಮೇಲೆ ನಿಂತಿತು. ಅದನ್ನೇ ನೋಡಿದೆ. ಒಂದು ಕೊಬ್ಬರಿ ಎತ್ತಿದೆ, ಹಗುರ ಅನ್ನಿಸಿತು. ಅನ್ನಿಸುವುದಕ್ಕೆ ಮುಂಚೆಯೇ ಬೆರಳು ಬಿಚ್ಚಿಕೊಂಡಿದ್ದವು. ಇನ್ನೊಂದು ಎತ್ತಿದೆ, ಹಾಗೇ ಆಯಿತು. ಎದ್ದು ಹೋಗಿ ಟ್ರಂಕಿನಿಂದ ತಂಬೋಲಾ ಚೀಲ ತಂದೆ.

ಕಣ್ಣಿಗೆ ಟವೆಲ್ ಬಿಗಿದುಕೊಂಡು ಕೂತೆ. "ನಾನು ತೆಗೆದುಕೊಟ್ಟಿದ್ದನ್ನ ವರ್ಸೆಯಾಗಿ ನೆಲದ ಮೇಲೆ ಜೋಡುಸ್ತಾ ಹೋಗಕ್ಕ" ಎಂದೆ. ಮೂವತ್ತು ತೆಗೆದು ಟವೆಲ್ ಬಿಚ್ಚಿ ನೋಡಿದರೆ ಅರವತ್ತರ ಮೇಲಿನವು ಎರಡೇ ಎರಡು. ಮತ್ತೆ ಎಲ್ಲ ತುಂಬಿ ಕಲಸಿ ತೆಗೆದೆ. ಈ ಸಲ ಮೂರು. ಆಗ ನನಗೆ ನನ್ನ ಕೈಯ ಆಟ ಕಂಡಿತು. ಚೀಲದೊಳಗೆ ಒಂದು ಬಿಲ್ಲೆ ಹಿಡಿದು ಮೇಲೆತ್ತುವಷ್ಟರಲ್ಲಿ ಕೈ ಅದನ್ನು ತೂಗುತ್ತಿತ್ತು. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಹಗುರ. ಹಗುರವಾದದ್ದು ಜೊಳ್ಳು, ಬಿಡು. ಗಟ್ಟಿ ಮರದ ಹಳೆಯ ಬಿಲ್ಲೆ ಸಿಕ್ಕಿದರೆ ಎತ್ತು. ಅಗಲ, ದಪ್ಪ, ಬಣ್ಣ ಎಲ್ಲ ನೋಡಿದ್ದ ಮಹಾನುಭಾವ ನಾನು, ತೂಕ ಮಾತ್ರ ನೋಡಿರಲಿಲ್ಲ.

ಅಕ್ಕನ ಕೈಯಲ್ಲಿ ತೆಗೆಸಿದೆ. ಅವಳದೂ ಅದೇ ಕಥೆ. ಹಾಗಾದರೆ ತಪ್ಪು ಚೀಲದ್ದೋ, ಕೈಯದ್ದೋ? ಇದನ್ನು ತಿಳಿಯದೆ ನನಗೆ ಅನ್ನ ಇಳಿಯುವಂತಿರಲಿಲ್ಲ. ಮಾರನೆಯ ಬೆಳಿಗ್ಗೆ ತಿಪಟೂರಿಗೆ ಹೋಗಿ ಪೇಟೆಯ ಟೈಲರ್ ಒಬ್ಬರ ಅಂಗಡಿ ಹೊಕ್ಕೆ. ಹೊಸ ಚೀಲ ಹೊಲಿಯಲು ಕೊಡುವ ನೆವ.

"ನೀವು ಯಾವತ್ತಾದ್ರೂ ಕೊಬ್ಬರಿ ವಿಂಗಡಿಸಿದ್ದೀರಾ?" ಎಂದು ಕೇಳಿದೆ.

"ತಿನ್ನೋದು ಬಿಟ್ರೆ ಬೇರೆ ಗೊತ್ತಿಲ್ಲ ಕಣ್ರೀ. ಯಾಕೆ?"

"ಈ ಚೀಲಕ್ಕೆ ಕೈಹಾಕಿ ಮೂವತ್ತು ಬಿಲ್ಲೆ ತೆಗೀರಿ."

ಅವರು ನನ್ನ ಮುಖವನ್ನೊಮ್ಮೆ, ಚೀಲವನ್ನೊಮ್ಮೆ ನೋಡಿದರು. ಮಿಲಿಟರಿಯವರಿಗೆ ಬಿಸಿಲಿಗೆ ಹೀಗಾಗುತ್ತದೆ ಅಂದುಕೊಂಡಿರಬೇಕು. ಪಾಪ, ತೆಗೆದರು. ಅರವತ್ತರ ಮೇಲಿನವು ಹನ್ನೊಂದು ಬಂದವು. ಇನ್ನೊಮ್ಮೆ ತೆಗೆಸಿದೆ, ಒಂಬತ್ತು. ಸರಿಯಾದ ಆಟದಲ್ಲಿ ಬರಬೇಕಾದದ್ದೇ ಅಷ್ಟು. ಅದೇ ಚೀಲ, ಅದೇ ಬಿಲ್ಲೆ. ನನ್ನ ಜಾಗದಲ್ಲಿ ಬೇರೆ ಯಾರೇ ಕೂಗುವವನಿದ್ದರೂ ಈ ರಾದ್ಧಾಂತ ಆಗುತ್ತಲೇ ಇರಲಿಲ್ಲ.

ಇನ್ನು ಹೊಸ ಬಿಲ್ಲೆಗಳ ಕೆಲಸ. ಚಿಪ್ಪಿನಲ್ಲಿ ಅಂಗಿಯ ಗುಂಡಿ ಮಾಡುವ ಒಬ್ಬ ಕಸುಬುದಾರನನ್ನು ಹಿಡಿದೆ. ಚಿಪ್ಪು ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಕಣ್ಣಿರುವ ಕಡೆ ಒಂದು ಥರ, ಹೊಟ್ಟೆಯ ಕಡೆ ಇನ್ನೊಂದು ಥರ. ಮೊದಲ ಸಲ ತೊಂಬತ್ತು ತಂದು ಅಕ್ಕನ ಮಡಿಲಿಗೆ ಸುರಿದೆ. ಅವಳು ಕೈಯಾಡಿಸಿ ಅರ್ಧಕ್ಕರ್ಧ ಆಚೆಗೆ ತಳ್ಳಿದಳು.

"ಇವೆಲ್ಲ ಜೊಳ್ಳು ಕಣ್ಲಾ."

"ಜೊಳ್ಳಲ್ಲ ಅಕ್ಕ, ಚಿಪ್ಪು."

"ಏನಾರ ಆಗ್ಲಿ, ಹಗೂರ."

ಅಲ್ಲಿಗೆ ನನಗೆ ತಕ್ಕಡಿ ಸಿಕ್ಕಿದಂತಾಯಿತು. ಕಸುಬುದಾರ ಉಜ್ಜಿ ಕೊಡುವುದು, ಅಕ್ಕ ಕೈಯಲ್ಲಿ ಹಿಡಿದು ಬೇಡವಾದದ್ದನ್ನು ಎಸೆಯುವುದು, ನಾನು ಬಸ್ಸಿನಲ್ಲಿ ಓಡಾಡುವುದು. ಹೀಗೆ ಒಂದು ವಾರಕ್ಕೂ ಮೇಲೆ ನಡೆಯಿತು. ಕೊನೆಗೆ ತೊಂಬತ್ತು ಬಿಲ್ಲೆಗಳ ರಾಶಿಯಲ್ಲಿ ಅಕ್ಕ ಎಷ್ಟು ಹೊತ್ತು ಕೈಯಾಡಿಸಿದರೂ ಒಂದನ್ನೂ ಆಚೆ ಹಾಕಲಾಗಲಿಲ್ಲ. "ಎಲ್ಲಾ ಒಂದೇಯ" ಎಂದು ಅವಳು ಕೈಚೆಲ್ಲಿದಾಗ ನನಗೆ ಸ್ವರ್ಗವೇ ಸಿಕ್ಕಿತು.

ಆ ಸಂತೋಷದಲ್ಲೇ ಒಂದು ಲೆಕ್ಕ ಹಾಕಿದೆ. ಹಳೆಯ ಬಿಲ್ಲೆ ಸರಿಯಿರಲಿಲ್ಲ, ಹೊಸದು ತಂದಿದ್ದೇನೆ ಎಂದರೆ ಮುಗಿಯಿತು. ಯಾರೂ ನನ್ನ ಕೈಯ ಬಗ್ಗೆ ಕೇಳುವುದಿಲ್ಲ. ಭಾನುವಾರ ಮತ್ತೆ ನಾನೇ ಕೂಗಬಹುದು. ಅಕ್ಕನಿಗೆ ಹಾಗೇ ಹೇಳಿದೆ.

ಅವಳು ರೊಟ್ಟಿ ತಟ್ಟುತ್ತಿದ್ದವಳು ತಲೆಯೆತ್ತಲಿಲ್ಲ. "ಆ ಕಂದಿಕೆರೆ ಹುಡ್ಗ?"

"ಅವನದೇನು, ಬಿಲ್ಲೆ ಕೆಟ್ಟಿದ್ವು ಅಂತ ಗೊತ್ತಾದ್ರೆ ಬಿಟ್ಬಿಡ್ತಾರೆ."

"ಬಿಲ್ಲೆ ಕೆಡಿಸ್ದೋನು ಅವ್ನೇ ಅಂತ ಬರ್ಕೊಟ್ಟಿದ್ದೀನಿ ಅಂದ್ಯಲ್ಲಪ್ಪ."

ನನಗೆ ಸಿಟ್ಟು ಬಂತು. ತಟ್ಟೆ ಬಿಟ್ಟು ಎದ್ದು ತೋಟಕ್ಕೆ ಹೋದೆ. ಹೋಗಿ ಕಟ್ಟೆಯ ಮೇಲೆ ಕೂತಾಗ ಇನ್ನೊಂದು ವಿಷಯ ಹೊಳೆಯಿತು. ಹಗುರದ ಮೂವತ್ತು ಬಿಲ್ಲೆಗಳನ್ನು ನಾನು ಮಾಡಿಸಿದ್ದು ಲಾರಿ ಬಂದು ಸಾಮಾನು ಇಳಿಸಿದ ಮೇಲೆ. ಲಾರಿಯಲ್ಲಿ ಅವು ಇರಲೇ ಇಲ್ಲ. ದಾರಿಯಲ್ಲಿ ಎರಡು ರಾತ್ರಿ ಅವನ ವಶದಲ್ಲಿತ್ತು ಎಂದು ಬರೆದಿದ್ದೆನಲ್ಲ, ಆ ಪೆಟ್ಟಿಗೆಗೂ ಈ ತಪ್ಪಿಗೂ ಸಂಬಂಧವೇ ಇರಲಿಲ್ಲ. ಬರೆಯುವಾಗ ಒಂದು ಗಳಿಗೆ ಯೋಚಿಸಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಯೋಚಿಸುವ ಮನಸ್ಸು ನನಗಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ. ಇನ್ನೂ ಆರು ದಿನ ರಜೆಯಿತ್ತು. ಮಾರನೆಯ ದಿನವೇ ಹೊರಟೆ.

ವಾಪಸ್ ಹೋಗಿ ಸುಬೇದಾರ್ ಸಾಹೇಬರಿಗೆ ಎಲ್ಲ ಹೇಳಿದೆ. ಕೊಬ್ಬರಿ, ಜೊಳ್ಳು, ಟೈಲರ್ ಯಾವುದನ್ನೂ ಬಿಡಲಿಲ್ಲ. ಅವರು ಗೋಧಿ ಸೀಮೆಯವರು. ಕೈಗೆ ತೂಕ ಗೊತ್ತಾಗುತ್ತದೆ ಎಂದರೆ ಅವರಿಗೆ ನಂಬಿಕೆ ಬರಲಿಲ್ಲ.

"ಇದನ್ನು ಎಲ್ಲರ ಮುಂದೆ ಮಾಡಿ ತೋರಿಸುತ್ತೀಯಾ?"

"ತೋರಿಸುತ್ತೇನೆ ಸಾಹೇಬ್."

"ತೋರಿಸಿದರೆ ಜನ ಏನನ್ನುತ್ತಾರೆ ಗೊತ್ತಾ? ಮೋಸ ಮಾಡುವ ವಿದ್ಯೆ ಇವನಿಗಿದೆ ಅನ್ನುತ್ತಾರೆ."

ಅದು ನನಗೂ ಗೊತ್ತಿತ್ತು. ರೈಲಿನಲ್ಲಿ ಎರಡು ದಿನ ಅದನ್ನೇ ಯೋಚಿಸಿಕೊಂಡು ಬಂದಿದ್ದೆ.

ಭಾನುವಾರ ಬೆಳಿಗ್ಗೆ ಶೀಟಿಲ್ಲದ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿದರು. ಡ್ರೈವರ್ ಹಿಂದಿನ ಗೋಡೆಗೆ ಒರಗಿ ಒಬ್ಬನೇ ನಿಂತಿದ್ದ. ಸಾಹೇಬರೇ ನನ್ನ ಕಣ್ಣಿಗೆ ಬಟ್ಟೆ ಬಿಗಿದರು, ಅವರೇ ಹಳೆಯ ಬಿಲ್ಲೆಗಳನ್ನು ಕಲಸಿದರು. ನಾನು ತೆಗೆದುಕೊಡುತ್ತ ಹೋದೆ, ಅವರು ಓದುತ್ತ ಹೋದರು. ಹದಿನೈದು ದಾಟಿತು, ಅರವತ್ತರ ಮೇಲಿನದು ಒಂದೂ ಇಲ್ಲ. ಇಪ್ಪತ್ತು ದಾಟಿತು. ಮೂವತ್ತಕ್ಕೆ ನಿಲ್ಲಿಸಿದಾಗ ಒಂದೇ ಒಂದು ಬಂದಿತ್ತು.

ಬಟ್ಟೆ ಬಿಚ್ಚಿದೆ. ಮುಂದಿನ ಸಾಲಿನಲ್ಲಿದ್ದ ಅಡುಗೆಯವನೊಬ್ಬ, "ಹಾಗಾದರೆ ಇಷ್ಟು ದಿನ ನಮ್ಮನ್ನು ಆಡಿಸಿದವನು ನೀನೇ" ಅಂದ. ಕೆಲವರು ಹೌದು ಹೌದು ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ.

"ನಾನೇ" ಎಂದೆ. "ಬೇಕೆಂದು ಮಾಡಿದ್ದಲ್ಲ, ಆದರೆ ಮಾಡಿದವನು ನಾನೇ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಇನ್ನೊಂದು ಮಾತು. ಹಗುರದ ಬಿಲ್ಲೆಗಳನ್ನು ಮಾಡಿಸಿದವನೂ ನಾನೇ, ಅದೂ ಲಾರಿ ಬಂದು ಹೋದ ಮೇಲೆ. ಡ್ರೈವರ್ ಅದನ್ನು ಮುಟ್ಟಿಲ್ಲ. ನಿಮಗೂ ನನಗೂ ಕಾಣದೇ ಇದ್ದದ್ದು ಅವನ ಕಣ್ಣಿಗೆ ಕಂಡಿತು, ಅಷ್ಟೇ ಅವನು ಮಾಡಿದ್ದು. ಅವನ ಮೇಲೆ ನಾನು ಬರೆದುಕೊಟ್ಟದ್ದು ಸುಳ್ಳು."

ಆಮೇಲೆ ಚಿಪ್ಪಿನ ಬಿಲ್ಲೆಗಳನ್ನು ತುಂಬಿ ನನ್ನ ಕೈಯಲ್ಲೇ ತೆಗೆಸಿದರು. ದೊಡ್ಡ ನಂಬರು, ಸಣ್ಣ ನಂಬರು ಕಲಸಿಕೊಂಡು ಬಂದವು. ಆದರೂ ಸುಬೇದಾರ್ ಸಾಹೇಬರು ಅಲ್ಲೇ ತೀರ್ಪು ಕೊಟ್ಟರು. ಇನ್ನು ಮೇಲೆ ಭಾನುವಾರಕ್ಕೊಬ್ಬ ಸಿಪಾಯಿ ಬಿಲ್ಲೆ ತೆಗೆಯಬೇಕು, ನಾನು ಕೂಗಬೇಕು ಅಷ್ಟೆ, ಚೀಲದ ಹತ್ತಿರ ಕೈ ಸುಳಿಯಬಾರದು. ನನ್ನ ಹೇಳಿಕೆಯ ಕಾಗದ ವಾಪಸ್ ಕೇಳಿದೆ. ಕೊಟ್ಟ ಕಾಗದ ವಾಪಸ್ ಬರುವುದಿಲ್ಲ, ಅದರ ಕೆಳಗೇ ಇನ್ನೊಂದು ಬರಿ ಎಂದರು. ಬರೆದೆ. ನನ್ನ ಕಡತದಲ್ಲಿ ಒಂದು ಎಚ್ಚರಿಕೆ ಸೇರಿತು, ಡ್ರೈವರನಿಗೆ ಮಧ್ಯಾಹ್ನದೊಳಗೆ ಕೀಲಿ ಸಿಕ್ಕಿತು.

ಅವತ್ತು ಸಂಜೆಯೇ ಆಟ ಇಟ್ಟರು. ಬಿಲ್ಲೆ ತೆಗೆಯಲು ಯಾರು ಬರುತ್ತೀರಿ ಎಂದು ಸಾಹೇಬರು ಕೇಳಿದರೆ ಒಬ್ಬರೂ ಏಳಲಿಲ್ಲ. ನಾನು ಡ್ರೈವರನ ಹೆಸರು ಹೇಳಿದೆ. ಅವನು ಎದ್ದು ನಿಂತು, "ಬೇಡ ಸಾಹೇಬ್, ತೆಗೆಯುವವನು ಆಡುವ ಹಾಗಿಲ್ಲವಲ್ಲ. ನಾನು ಆಡಬೇಕು" ಅಂದ. ಹಾಲೆಲ್ಲ ನಕ್ಕಿತು. ಅವನು ಪುಸ್ತಕದಿಂದ ಮೇಲಿನ ಟಿಕೆಟ್ಟನ್ನೇ ಹರಿದುಕೊಂಡು, ಅಡುಗೆಯವನು ಸರಿದು ಬಿಟ್ಟುಕೊಟ್ಟ ಜಾಗದಲ್ಲಿ ಹೋಗಿ ಕೂತ.

ಕೊನೆಗೆ ಬೇರೊಬ್ಬ ಸಿಪಾಯಿ ಎದ್ದು ಬಂದು ಬಿಲ್ಲೆ ತೆಗೆದ, ನಾನು ಕೈ ಹಿಂದಕ್ಕೆ ಕಟ್ಟಿಕೊಂಡು ಕೂಗಿದೆ. ಡ್ರೈವರನಿಗೆ ಒಂದು ಸಾಲೂ ಬರಲಿಲ್ಲ. ಆಟ ಮುಗಿದ ಮೇಲೆ ಎಲ್ಲರ ಹಾಗೆ ಟಿಕೆಟ್ ಹರಿದು ಬಿಸಾಕಿದ. ಗುಂಪು ಕರಗಿದ ಮೇಲೆ ಅವನ ಹತ್ತಿರ ಹೋದೆ.

"ನಿಂಗೆ ಭಾಳ ಅನ್ಯಾಯ ಮಾಡ್ದೆ ಕಣಪ್ಪ. ತಪ್ಪಾಯ್ತು."

ಅವನು, "ಮೂರ್ ವಾರ ಗೆದ್ದೆ ಅಂತ ಮನೆಗೆ ಕಾಗ್ದ ಬರ್ದಿದ್ದೆ ಅಣ್ಣಾ" ಅಂದ. "ಅಪ್ಪ ಕೇರಿಗೆಲ್ಲ ಓದ್ಸಿದ್ನಂತೆ. ಆಮೇಲೆ ಬರೆಯಕ್ಕೆ ಮೊಖ ಇರ್ಲಿಲ್ಲ. ಇವತ್ತು ಬರೀತೀನಿ."

"ಏನಂತ ಬರೀತೀಯ?"

"ಎಲ್ರ ಜೊತೆ ಕೂತ್ಕೊಂಡು ಸೋತೆ ಅಂತ."